ಗ್ರೀನ್ ಕಾರ್ಡ್ ತಡವಾದರೆ ಮಕ್ಕಳನ್ನು ದೂರಬೇಡಿ: ಅಮೆರಿಕದ ವಲಸೆ ಕಾನೂನು ನಡೆದು ಬಂದ ದಾರಿ

ಸಾಲಗಾಮೆ ರಸ್ತೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಮದುವೆ, ಗೃಹಪ್ರವೇಶ ಎಲ್ಲಿಗೆ ಹೋದರೂ ಅಮೆರಿಕದಲ್ಲಿ ಮಕ್ಕಳಿರುವ ತಂದೆತಾಯಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಹೋಗಿ ಅಷ್ಟು ವರ್ಷ ಆಯ್ತಲ್ಲ, ಇನ್ನೂ ಗ್ರೀನ್ ಕಾರ್ಡ್ ಆಗ್ಲಿಲ್ವಾ?" ಗ್ರೀನ್ ಕಾರ್ಡ್ ಅಂದರೆ ಅಲ್ಲೇ ಕಾಯಂ ಆಗಿ ನೆಲೆಸಿ ದುಡಿಯುವ ಪರವಾನಗಿ. ಕೇಳುವವರ ದನಿಯಲ್ಲೇ ಒಂದು ಅನುಮಾನ ಇರುತ್ತದೆ. ಹುಡುಗ ಕೆಲಸದಲ್ಲಿ ಹಿಂದೆ ಬಿದ್ದಿದ್ದಾನೇನೋ, ಕಾಗದಪತ್ರದಲ್ಲಿ ಏನೋ ಎಡವಟ್ಟು ಮಾಡಿಕೊಂಡಿದ್ದಾನೇನೋ ಅಂತ. ನಮ್ಮಮ್ಮ ಈ ಪ್ರಶ್ನೆಗೆ ಹೆದರಿ ನೆಂಟರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಅಕ್ಕ, ಭಾವ ಇಬ್ಬರೂ ನ್ಯೂಜೆರ್ಸಿಯಲ್ಲಿ ದುಡಿದು, ತೆರಿಗೆ ಕಟ್ಟಿ, ನೆಟ್ಟಗೆ ಬದುಕುತ್ತಿದ್ದಾರೆ. ಅವರ ಅರ್ಜಿಯಲ್ಲಿ ಒಂದು ತಪ್ಪೂ ಇಲ್ಲ. ತಡ ಆಗಿರುವುದು ಕಾನೂನಿನ ಲೆಕ್ಕದಿಂದ.

ಆ ಲೆಕ್ಕವನ್ನು ಒಮ್ಮೆ ನೋಡಿ. ನೌಕರಿ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಇದು 1990ರ ಕಾನೂನು ಹಾಕಿದ ಮಿತಿ. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ 7% ಮೀರಿ ಕೊಡುವಂತಿಲ್ಲ. ಸುಮಾರು 4 ಲಕ್ಷ ಜನರ ಐಸ್‌ಲ್ಯಾಂಡಿಗೂ 140 ಕೋಟಿ ದಾಟಿದ ಭಾರತಕ್ಕೂ ಅದೇ 7%. ನಮ್ಮ ಕಡೆಯ ಬಹಳ ಎಂಜಿನಿಯರುಗಳು ಬರುವ ಇಬಿ-2 ಎಂಬ ವರ್ಗಕ್ಕೆ ಒಟ್ಟು ಸುಮಾರು 40,000. ಅದರ 7% ಅಂದರೆ 2,800. ಗಂಡ, ಹೆಂಡತಿ, ಮಗು ಎಲ್ಲರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಮೂರು ಜನರ ಸಂಸಾರ ಅಂದುಕೊಂಡರೆ ವರ್ಷಕ್ಕೆ ಸಾವಿರ ಸಂಸಾರವೂ ಆಗುವುದಿಲ್ಲ. ಬೇರೆಯವರು ಬಳಸದೆ ಉಳಿದದ್ದು ಕೆಲವು ವರ್ಷ ನಮ್ಮವರಿಗೆ ಬರುತ್ತದೆ, ಆದರೆ ಅದನ್ನು ನಂಬಿಕೊಂಡು ಕೂರಲಾಗದು.

ಕೆಲಸಕ್ಕೆ ಹೋಗುವ ಎಚ್-1ಬಿ ವೀಸಾಗೆ ಮಾತ್ರ ದೇಶದ ಮಿತಿ ಇಲ್ಲ. ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000, ಯಾರಿಗೆ ಬೇಕಾದರೂ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಭಾರತದಲ್ಲಿ ಹುಟ್ಟಿದವರವು. ಊರಿಗೆಲ್ಲ ಕರೆಯೋಲೆ ಹಂಚಿ, ಪಂಕ್ತಿಯಲ್ಲಿ ಮಾತ್ರ ಒಂದು ಊರಿಗೆ ಇಷ್ಟೇ ಎಲೆ ಅಂದ ಹಾಗೆ. 2025ರಲ್ಲೂ ಇಬಿ-2 ಭಾರತದ ಸರದಿ 2012-13ರ ಅರ್ಜಿಗಳ ಹತ್ತಿರವೇ ನಿಂತಿತ್ತು.

ಈ 7% ಎಲ್ಲಿಂದ ಬಂತು, ಇದಕ್ಕೂ ಮುಂಚೆ ನಮ್ಮವರಿಗೆ ಹೇಗಿತ್ತು, ತಿಳಿದವರು ಬರೆಯಿರಿ. ನಮ್ಮ ಹಿರಿಯರಿಗೆ ಓದಿ ಹೇಳಬೇಕು.

ಬೇಲೂರು ಹುಡುಗ

ಅಕ್ಕ, ಒಂದು ಅನುಮಾನ. ನಮ್ಮಜ್ಜನ ಕಾಲದಲ್ಲಿ ಹೋದ ಡಾಕ್ಟರುಗಳು ಹೋದ ಸ್ವಲ್ಪ ದಿನಕ್ಕೇ ಗ್ರೀನ್ ಕಾರ್ಡ್ ತಗೊಂಡ್ರು ಅಂತ ಕೇಳಿದೀನಿ. ಆಗ ಕಾನೂನು ಸಡಿಲ ಇತ್ತಾ? ಅಥವಾ ಭಾರತೀಯರಿಗೆ ಮೊದಲಿಂದಲೂ ಬಾಗಿಲು ತೆರೆದಿದ್ದು ಈಗ ಮುಚ್ಚಿದ್ರಾ?

ನಿವೃತ್ತ ಇತಿಹಾಸ ಮೇಷ್ಟ್ರು (ಚಿಕ್ಕಮಗಳೂರು)

ಮೊದಲಿಂದಲೂ ತೆರೆದಿತ್ತು ಎನ್ನುವ ಆ ನಂಬಿಕೆ ನಿಜವಲ್ಲಪ್ಪ. ಅದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಮೆರಿಕ ಸ್ವತಂತ್ರವಾದ ಮೇಲೆ ಪೌರತ್ವಕ್ಕೆ ಮಾಡಿದ ಮೊದಲ ಕಾನೂನು 1790ರದ್ದು. ವಲಸೆ ಬಂದವನು ಪೌರನಾಗಬೇಕಾದರೆ ಸ್ವತಂತ್ರ ಬಿಳಿಯ ವ್ಯಕ್ತಿಯಾಗಿರಬೇಕು ಎಂದು ಅದರಲ್ಲೇ ಬರೆದಿತ್ತು. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಪೌರತ್ವಕ್ಕೆ ಅರ್ಜಿ ಹಾಕುವ ಹಕ್ಕು ಬಂತು. ಏಷ್ಯಾದಿಂದ ಬಂದವರು ಮಾತ್ರ ಹೊರಗೇ ಉಳಿದರು. ರೈಲು ಹಳಿ ಹಾಕಲು ಚೀನೀಯರನ್ನು ದುಡಿಸಿಕೊಂಡ ದೇಶ 1882ರಲ್ಲಿ ಚೀನಾದ ಕೂಲಿಕಾರರು ಬರುವುದನ್ನೇ ನಿಷೇಧಿಸಿತು. ಆ ನಿಷೇಧ ತೆಗೆದದ್ದು 1943ರಲ್ಲಿ. ಆಗಲೂ ಕೊಟ್ಟದ್ದು ವರ್ಷಕ್ಕೆ 105 ಜನರ ಕೋಟಾ.

ನಮ್ಮವರ ಕಥೆ ಪಂಜಾಬಿನವರಿಂದ ಶುರು. ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಸಿಖ್ಖರನ್ನು 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಿಂದ ಗುಂಪೊಂದು ಹೊಡೆದು ಓಡಿಸಿತು. 1917ರಲ್ಲಿ ಅಧ್ಯಕ್ಷ ವಿಲ್ಸನ್ ವೀಟೋ ಹಾಕಿದರೂ ಅದನ್ನು ಮೀರಿ ಸಂಸತ್ತು ಒಂದು ಕಾನೂನು ತಂದಿತು. ಭೂಪಟದ ಮೇಲೆ ಗೆರೆ ಎಳೆದು ಏಷ್ಯಾದ ದೊಡ್ಡ ಭಾಗವನ್ನೇ ನಿಷೇಧಿತ ವಲಯ ಮಾಡಿದರು. ಭಾರತ ಆ ಗೆರೆಯ ಒಳಗಿತ್ತು.

ಇನ್ನು ಮುಂದೆ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. 1922ರ ನವೆಂಬರಿನಲ್ಲಿ ತಕಾವೊ ಒಝಾವಾ ಎಂಬ ಜಪಾನೀಯರ ಪೌರತ್ವದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅವರು ಬರ್ಕ್ಲಿಯಲ್ಲಿ ಓದಿದವರು, ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಿದ್ದವರು. ಬಿಳಿಯ ಅಂದರೆ ಕಕೇಶಿಯನ್ ಕುಲದವನು, ನೀನು ಆ ಕುಲದವನಲ್ಲ ಎಂದು ಕೋರ್ಟು ಅವರ ಅರ್ಜಿ ತಳ್ಳಿತು. ಮೂರು ತಿಂಗಳಿಗೆ, 1923ರ ಫೆಬ್ರುವರಿಯಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಬಂತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆ ಕಾಲದ ಕುಲಶಾಸ್ತ್ರದ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ ಕುಲಕ್ಕೇ ಸೇರುತ್ತಿದ್ದರು. ಮೊದಲ ತೀರ್ಪಿನ ಪ್ರಕಾರ ಅವರು ಗೆಲ್ಲಬೇಕಿತ್ತು. ಆದರೆ ಅದೇ ನ್ಯಾಯಮೂರ್ತಿ ಸದರ್ಲೆಂಡ್, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲ ಎಂದು ಬರೆದರು. ಹೊರಗಿಡಬೇಕೆಂದು ಮೊದಲೇ ತೀರ್ಮಾನವಾಗಿತ್ತು, ಕಾರಣ ಮಾತ್ರ ಆಯಾ ದಿನಕ್ಕೆ ಸಿಕ್ಕಿದ್ದು ಎಂದೇ ನನಗೆ ಅನಿಸುವುದು.

ಥಿಂಡ್ ಪರವಾಗಿ ಮಂಡಿಸಿದ ವಾದವೂ ನೋವು ತರುವಂಥದ್ದೇ. ತಾನು ಮೇಲ್ಜಾತಿಯ ಆರ್ಯ, ಕೆಳಗಿನವರೊಡನೆ ಬೆರೆಯದ ರಕ್ತ ತನ್ನದು ಎಂಬುದೇ ಅದರ ಆಧಾರ. ನಮ್ಮ ದೇಶದ ಜಾತಿಯನ್ನು ಹಿಡಿದುಕೊಂಡು ಅವರ ದೇಶದ ಬಣ್ಣದ ಗೋಡೆ ಹತ್ತಲು ನೋಡಿದರು. ಈ ಚರಿತ್ರೆ ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಆ ತೀರ್ಪು ಬಂದದ್ದೇ ತಡ, ಅದಾಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರಿಂದ ಅದನ್ನು ವಾಪಸು ಕಿತ್ತುಕೊಂಡರು. ಅವರಲ್ಲೊಬ್ಬರು ವೈಷ್ಣೊ ದಾಸ್ ಬಗಾಯ್. 1915ರಲ್ಲಿ ಹೆಂಡತಿ ಕಲಾ, ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಂಗಡಿ ಇಟ್ಟವರು. 1921ರಲ್ಲಿ ಅಮೆರಿಕನ್ ಪೌರರಾದರು. ಪೌರತ್ವ ಹೋದಾಗ, ಪೌರರಾಗಲು ಅರ್ಹರಲ್ಲದವರು ಭೂಮಿ ಹೊಂದುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಆಸ್ತಿಯೂ ಹೋಯಿತು. ಭಾರತಕ್ಕೆ ಹೋಗಿಬರಲು ಅಮೆರಿಕನ್ ಪಾಸ್‌ಪೋರ್ಟನ್ನೂ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕಾರಣವನ್ನು ಒಂದು ಪತ್ರದಲ್ಲಿ ಬರೆದಿಟ್ಟಿದ್ದರು, ಅದು ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಥಿಂಡ್ ಅವರ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್ ತಮ್ಮ ಪೌರತ್ವಕ್ಕಾಗಿ ತಾವೇ ಹೋರಾಡಿ ಗೆದ್ದರು. ಆಮೇಲೆ ಸರ್ಕಾರ ಇಂಥ ಮೊಕದ್ದಮೆಗಳಿಂದ ಹಿಂದೆ ಸರಿಯಿತು.

1924ರ ಕಾನೂನು ಯುರೋಪಿನವರನ್ನೂ ತೂಗಿತು. 1890ರ ಜನಗಣತಿಯಲ್ಲಿ ಯಾವ ದೇಶದವರು ಎಷ್ಟಿದ್ದರೋ ಅದರ 2% ಎಂದು ಕೋಟಾ ಹಾಕಿದರು. ಹೊಸ ಗಣತಿ ಬಿಟ್ಟು 1890ಕ್ಕೆ ಹೋದದ್ದೇಕೆಂದರೆ, ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದರ ನಂತರ. ಭಾರತೀಯರಿಗೆ 1946ರಲ್ಲಿ ಲೂಸ್-ಸೆಲ್ಲರ್ ಕಾನೂನಿನಿಂದ ಪೌರತ್ವದ ಹಕ್ಕು, ಜೊತೆಗೆ ಒಂದು ಕೋಟಾ ಸಿಕ್ಕಿತು. ಎಷ್ಟು ಗೊತ್ತೇ? ಇಡೀ ದೇಶಕ್ಕೆ ವರ್ಷಕ್ಕೆ 100. ಅದರಿಂದ ಪೌರರಾದವರಲ್ಲಿ ಒಬ್ಬರಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಲ್ಲಿನ ಸಂಸತ್ತಿಗೇ ಆರಿಸಿ ಬಂದರು.

ನೀನು ಕೇಳಿದ ಡಾಕ್ಟರುಗಳ ಕಾಲ ಬಂದದ್ದು 1965ರ ನಂತರ. ಆ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಹಾರ್ಟ್-ಸೆಲ್ಲರ್ ಕಾನೂನಿಗೆ ಸಹಿ ಹಾಕಿದರು. ಕುಲದ ಕೋಟಾ ಹೋಗಿ ಏಷ್ಯಾ ಇರುವ ಪೂರ್ವಾರ್ಧ ಗೋಳದ ಪ್ರತಿ ದೇಶಕ್ಕೂ 20,000ದ ಸಮಾನ ಮಿತಿ ಬಂತು. ಅದೇ ವರ್ಷ ವೃದ್ಧರಿಗಾಗಿ ಮೆಡಿಕೇರ್ ಯೋಜನೆಯೂ ಬಂದು ವೈದ್ಯರ ಅಗತ್ಯ ಹೆಚ್ಚಿತು. ಭಾರತದ ಮಿತಿ ಆಗ ತುಂಬುತ್ತಿರಲಿಲ್ಲ, ಹಾಗಾಗಿ ಈಗಿನಂಥ ಸರದಿ ಇರಲಿಲ್ಲ. ಈಗಿನ ಮಕ್ಕಳಿಗಿಂತ ಅವರು ಜಾಣರು ಅಂತಲ್ಲ.

ಆ ಕಾನೂನು ಏಕೆ ಬಂತು ಎನ್ನುವುದನ್ನೂ ನಮ್ಮ ಮನೆಗಳಲ್ಲಿ ಹೇಳಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಹಕ್ಕಿನ ಕಾಯ್ದೆ, ಅವುಗಳ ಬೆನ್ನಿಗೇ ಇದು. ಕಪ್ಪು ಜನ ಬೀದಿಯಲ್ಲಿ ಲಾಠಿ ಏಟು ತಿಂದು, ಜೈಲು ಸೇರಿ, ಬಣ್ಣದ ಮೇಲೆ ಕಾನೂನು ಮಾಡುವುದೇ ನಾಚಿಕೆಗೇಡು ಎನ್ನುವ ಸ್ಥಿತಿ ತಂದರು. ನಮ್ಮ ಮಕ್ಕಳು ಅಲ್ಲಿ ಕಾಲಿಟ್ಟದ್ದು ಆ ಋಣದಿಂದ. ಅಲ್ಲಿಗೆ ಹೋಗಿ ಕಪ್ಪು ಜನರ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ತಡೆಯಲಾಗದು.

ಮೂಡಿಗೆರೆ ತೋಟ

ಮೇಷ್ಟ್ರೇ, ಇಷ್ಟು ವಿವರ ಗೊತ್ತೇ ಇರಲಿಲ್ಲ. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವರ ದೇಶ, ಅವರ ಕಾನೂನು. ಯಾರನ್ನ ಒಳಗೆ ಬಿಡ್ಬೇಕು ಅನ್ನೋದು ಅವರ ಹಕ್ಕು. ನಮ್ಮಲ್ಲೂ 1946ರ ವಿದೇಶಿಯರ ಕಾಯ್ದೆ ಇತ್ತು, ಈಗ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು ಹಳೇದನ್ನೆಲ್ಲ ರದ್ದು ಮಾಡಿದೆ. ನಾವು ಮಾಡ್ಬಹುದು, ಅವರು ಮಾಡ್ಬಾರದು ಅಂದ್ರೆ ಹೇಗೆ? ಅಲ್ಲಿ ಕಾಗದ ಇಲ್ದೆ ನುಗ್ಗಿರೋರು ಲಕ್ಷಗಟ್ಟಲೆ ಇದಾರಂತೆ, ಅದಕ್ಕೇ ಬಿಗಿ ಮಾಡಿದಾರೆ.

ಸಾಲಗಾಮೆ ರಸ್ತೆ (ಹಾಸನ)

ಗೌಡ್ರೇ, ಬೇಜಾರೇನಿಲ್ಲ. ಕಾನೂನು ಮಾಡುವ ಹಕ್ಕು ಅವರಿಗಿದೆ, ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಬೇರೆ. ಕರೆದು ಕೆಲಸ ಕೊಟ್ಟು, ನೀನು ಅರ್ಹ ಎಂದು ಐ-140 ಅರ್ಜಿಯನ್ನೂ (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರು ಮಾಡಿ, ಆಮೇಲೆ ಹುಟ್ಟಿದ ಊರು ನೋಡಿ ಹತ್ತಿಪ್ಪತ್ತು ವರ್ಷ ನಿಲ್ಲಿಸುವುದು. ಇಲ್ಲಿ ಪೌರತ್ವ ಯಾವುದು ಅಂತಲೂ ನೋಡುವುದಿಲ್ಲ, ಹುಟ್ಟಿದ ದೇಶ ಮಾತ್ರ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಹಾಸನದಲ್ಲಿ, ಇನ್ನೊಬ್ಬ ಅಪ್ಪನಿಗೆ ಮಸ್ಕತ್‌ನಲ್ಲಿ ಕೆಲಸವಿದ್ದಾಗ ಅಲ್ಲಿ ಹುಟ್ಟಿದ್ದರೆ ತಮ್ಮನಿಗೆ ಬೇಗ ಸಿಗುತ್ತದೆ, ಅಣ್ಣ ಕಾಯುತ್ತಾನೆ. ಓದು, ಕೆಲಸ, ಸಂಬಳ ಎಲ್ಲ ಒಂದೇ ಇದ್ದರೂ.

ನಿವೃತ್ತ ಇತಿಹಾಸ ಮೇಷ್ಟ್ರು (ಚಿಕ್ಕಮಗಳೂರು)

ಗೌಡರೇ, ನೀವು ತೋಟದವರು, ಕೊಯ್ಲಿಗೆ ಜನ ಸಿಗದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹೊಲಗಳಲ್ಲಿ ಆಳು ಇಲ್ಲದಾಗ 1942ರಲ್ಲಿ ಮೆಕ್ಸಿಕೊ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಕೂಲಿಕಾರರನ್ನು ಅವರೇ ಕರೆಸಿಕೊಂಡರು. ಬ್ರಸೇರೊ ಯೋಜನೆ ಎಂದು ಹೆಸರು. 1964ರವರೆಗೆ ನಡೆಯಿತು, 40 ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಯೋಜನೆ ನಿಂತ ಮರುವರ್ಷವೇ 1965ರ ಕಾನೂನು, ಏಷ್ಯಾದವರಿಗೆ ಬಾಗಿಲು ತೆರೆದ ಅದೇ ಕಾನೂನು, ಮೆಕ್ಸಿಕೊ ಇರುವ ಪಶ್ಚಿಮಾರ್ಧ ಗೋಳಕ್ಕೆ ಮೊದಲ ಸಲ ಮಿತಿ ಹಾಕಿತು. ವರ್ಷಕ್ಕೆ 1,20,000. 1976ರಲ್ಲಿ ಆ ದೇಶಗಳಿಗೂ ತಲಾ 20,000 ಎಂದಾಯಿತು. ಹೊಲ ಅದೇ, ಬೆಳೆ ಅದೇ, ದುಡಿಯಲು ಬರುವವರೂ ಅವರೇ. ಕಾಗದ ಮಾತ್ರ ಇಲ್ಲವಾಯಿತು. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನ ಸಕ್ರಮರಾದರು. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಹೊಲದ ಕೂಲಿಕಾರರಾಗಿಯೇ ಅರ್ಜಿ ಹಾಕಿದ್ದವರು. ನುಗ್ಗಿದರು ಎನ್ನುವ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಮೂಡಿಗೆರೆ ತೋಟ

ಹೌದು ಮೇಷ್ಟ್ರೇ, ಇದು ನನಗೆ ನೇರ ನಾಟ್ತು. ಮೊದಲು ನಮ್ಮ ತೋಟದ ಕೂಲಿಯೋರ ಲೈನ್ ಮನೆಗಳಲ್ಲಿ ತಮಿಳುನಾಡಿನ ಕಡೆಯೋರು, ಘಟ್ಟದ ಕೆಳಗಿನೋರು ಇದ್ರು. ಈಗ ಕೊಯ್ಲಿಗೆ ಬರೋರು ಹೆಚ್ಚು ಅಸ್ಸಾಂನೋರು. ಆಧಾರ್, ವೋಟರ್ ಕಾರ್ಡ್ ಎಲ್ಲ ತಗೊಂಡು ಠಾಣೆಗೂ ಒಂದು ಪ್ರತಿ ಕೊಡ್ತೀವಿ. ಅವರು ನಮ್ಮ ದೇಶದೋರೇ, ಎಲ್ಲಿ ಬೇಕಾದ್ರೂ ದುಡಿಯೋ ಹಕ್ಕು ಸಂವಿಧಾನವೇ ಕೊಟ್ಟಿದೆ. ಆದ್ರೂ ಭಾನುವಾರ ಸಂತೆಗೆ ಹೋದ್ರೆ ಬಾಂಗ್ಲಾದೋರು ಅಂತ ನಿಲ್ಲಿಸಿ ಕಾಗದ ಕೇಳೋರು ಇದಾರೆ, ಅದೂ ಪೊಲೀಸರಲ್ಲ, ಊರಿನ ಹುಡುಗ್ರು. ಹೋದ ರೋಬಸ್ಟಾ ಕೊಯ್ಲಲ್ಲಿ ಒಬ್ಬ ಹೆಂಗಸು ಸಂತೆಗೆ ಹೋಗೋಕೇ ಹೆದರಿ, ಮಗೂಗೆ ಬಿಸ್ಕತ್ತು ತಂದ್ಕೊಡಿ ಅಂತ ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ಕೈಗೆ ದುಡ್ಡು ಕೊಟ್ಳು. ಅವರೇ ಬಂದು ಹೇಳಿದ್ರು ನನಗೆ. ನಮ್ಮ ಸಂಘದ ಸಭೆಯಲ್ಲಿ ಈ ವಿಷಯ ಎತ್ತಲೇಬೇಕು ಅಂತ ಆವತ್ತೇ ಅಂದ್ಕೊಂಡೆ, ಈ ತಿಂಗಳು ಎತ್ತುತೀನಿ.

ಅರಸೀಕೆರೆಯಿಂದ ಡಲ್ಲಾಸ್‌ಗೆ

ಇಲ್ಲಿ ರಾತ್ರಿ, ಮಗಳನ್ನ ಮಲಗಿಸಿ ಬಂದು ಎಲ್ಲ ಓದಿದೆ. ಊರಿನಲ್ಲಿ ಯಾರೋ ನಮ್ಮ ಪರವಾಗಿ ಇಷ್ಟು ಬರೆದರಲ್ಲ ಅಂತ ಮನಸ್ಸು ತುಂಬಿ ಬಂತು ಅಕ್ಕ.

ಒಳಗಿನ ಬದುಕು ಹೇಗಿರುತ್ತದೆ ಅಂತ ಹೇಳುತ್ತೇನೆ. ಎಚ್-1ಬಿ ಮೊದಲು ಮೂರು ವರ್ಷ, ಒಟ್ಟು ಆರು ವರ್ಷಕ್ಕೆ ಮಿತಿ. ಐ-140 ಮಂಜೂರಾಗಿ ಸರದಿಯಲ್ಲಿದ್ದರೆ ಮೂರು ಮೂರು ವರ್ಷ ಮುಂದುವರಿಸಬಹುದು, ಈ ಅನುಕೂಲ 2000ದ ಕಾನೂನಿನಿಂದ ಬಂದದ್ದು. ಅದಿಲ್ಲದಿದ್ದರೆ ನಾವೆಲ್ಲ ಎಂದೋ ವಾಪಸು ಬಂದಿರುತ್ತಿದ್ದೆವು. ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಮನೆ ಸಾಲ, ಮಗಳ ಶಾಲೆ, ಎಲ್ಲ ಆ 60 ದಿನದ ಮೇಲೆ ನಿಂತಿದೆ. ನನ್ನ ಹೆಂಡತಿ ಎಂ.ಟೆಕ್ ಓದಿದವಳು, ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದು ವರ್ಷಗಟ್ಟಲೆ ಮನೆಯಲ್ಲೇ ಕೂತಳು. 2015ರ ನಿಯಮದ ನಂತರ, ನನ್ನ ಐ-140 ಆದ ಮೇಲೆ ಕೆಲಸದ ಪರವಾನಗಿ ಸಿಕ್ಕಿತು.

ಅಪ್ಪ ಹೋದಾಗ ಊರಿಗೆ ಬಂದಿದ್ದೆ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು, ವಾಪಸು ಹೋಗಲು ಚೆನ್ನೈನಲ್ಲಿ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು, ಆಗಬೇಕಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಪುರೋಹಿತರು ಸಾಮಾನಿನ ಪಟ್ಟಿ ಬರೆಸುತ್ತಿದ್ದಾಗ ನಾನು ಪಕ್ಕದ ರೂಮಿನಲ್ಲಿ ಫೋನು ಹಿಡಿದು ಸಂದರ್ಶನದ ದಿನ ಹುಡುಕುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದಳು.

ಎಲ್ಲಕ್ಕಿಂತ ಹೆದರಿಕೆ ಮಗಳದ್ದು. ಅವಳು ಹುಟ್ಟಿದ್ದು ಹಾಸನದಲ್ಲಿ. 21 ತುಂಬುವುದರೊಳಗೆ ನಮ್ಮ ಸರದಿ ಬರದಿದ್ದರೆ ಅವಳು ನಮ್ಮ ಅರ್ಜಿಯಿಂದ ಹೊರಬೀಳುತ್ತಾಳೆ. 2002ರ ಕಾನೂನೊಂದು ಐ-140 ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಬಿಡುತ್ತದೆ, ಆದರೆ ಸರದಿಯಲ್ಲಿ ಕಳೆದ ವರ್ಷಗಳಿಗೆ ಅದು ಅನ್ವಯಿಸುವುದಿಲ್ಲ. ಎರಡನೇ ತರಗತಿಯಿಂದ ಇಲ್ಲೇ ಓದಿದವಳು ಆಗ ವಿದೇಶಿ ವಿದ್ಯಾರ್ಥಿ ಅಂತ ಹೊಸ ವೀಸಾ ಕೇಳಬೇಕು.

ಇನ್ನು ಹೊಸದಾಗಿ ಬರಬೇಕೆನ್ನುವ ಹುಡುಗರಿಗೆ: 2025ರ ಸೆಪ್ಟೆಂಬರಿನ ಅಧ್ಯಕ್ಷರ ಘೋಷಣೆಯಲ್ಲಿ ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಹಾಕಿದರು. ಆಗಲೇ ವೀಸಾ ಇದ್ದವರ ನವೀಕರಣಕ್ಕೆ ಅದಿರಲಿಲ್ಲ. ಸಾಲ ಮಾಡಿ ಇಲ್ಲಿ ಎಂಎಸ್‌ಗೆ ಬರುವ ಮುಂಚೆ, ಆಗಿನ ನಿಯಮ ಏನಿದೆ ಅಂತ ನೋಡಿ ತೀರ್ಮಾನ ಮಾಡಿ. ಏಜೆಂಟರ ಮಾತಿನ ಮೇಲೆ ತೋಟ, ಜಮೀನು ಅಡ ಇಡಬೇಡಿ.

ಬೇಲೂರು ಹುಡುಗ

ಅಣ್ಣ, ಆ 7% ತೆಗೆಯೋಕೆ ಯಾರೂ ಪ್ರಯತ್ನ ಮಾಡ್ಲಿಲ್ವಾ?

ಅರಸೀಕೆರೆಯಿಂದ ಡಲ್ಲಾಸ್‌ಗೆ

ಮಾಡಿದರು ತಮ್ಮ. 2019ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 365-65 ಮತಗಳಿಂದ ಮಸೂದೆ ಪಾಸಾಯಿತು. 2020ರ ಡಿಸೆಂಬರಿನಲ್ಲಿ ಮೇಲ್ಮನೆಯಾದ ಸೆನೆಟ್ ತನ್ನದೇ ರೂಪದ ಮಸೂದೆ ಪಾಸು ಮಾಡಿತು. ಎರಡನ್ನೂ ಹೊಂದಿಸಲು ಸಮಯ ಸಾಲದೆ ಬಿದ್ದುಹೋಯಿತು. ಆ ತಿಂಗಳು ನಾವು ಎಷ್ಟು ಆಸೆಯಿಂದ ಕಾದಿದ್ದೆವೆಂದು ಹೇಳಲಾಗದು. ವಿರೋಧ ಮಾಡಿದವರ ವಾದವನ್ನೂ ಹೇಳಬೇಕು: ಮಿತಿ ತೆಗೆದು ಒಟ್ಟು ಸಂಖ್ಯೆ ಹಾಗೇ ಬಿಟ್ಟರೆ ಮೊದಲ ಕೆಲವು ವರ್ಷ ಹೆಚ್ಚುಕಮ್ಮಿ ಎಲ್ಲವೂ ಭಾರತೀಯರಿಗೇ ಹೋಗಿ, ಬೇರೆ ದೇಶದ ನರ್ಸುಗಳು, ಸಂಶೋಧಕರು ಕಾಯಬೇಕಾಗುತ್ತದೆ. ಅದೂ ಸುಳ್ಳಲ್ಲ. ನನ್ನ ಅಭಿಪ್ರಾಯ ಕೇಳಿದರೆ 1,40,000 ಅನ್ನುವುದನ್ನೇ ಹೆಚ್ಚಿಸಬೇಕು, ಹೆಂಡತಿ ಮಕ್ಕಳನ್ನು ಲೆಕ್ಕದಿಂದ ಬಿಡಬೇಕು. 1990ರಲ್ಲಿ ಹಾಕಿದ ಸಂಖ್ಯೆ ಅದು.

ಸಕಲೇಶಪುರ ತಂದೆ

ಎಲ್ಲರ ಬರಹ ಓದಿದೆ. ನನ್ನದೊಂದು ಅವಸರದ ವಿಷಯ. ಮಗನ ಸರದಿ ಹತ್ತಿರ ಬರುತ್ತಿದೆಯಂತೆ, ಜನನ ಪ್ರಮಾಣ ಪತ್ರ ಕಳಿಸಿ ಅಂತಾನೆ. 1981ರಲ್ಲಿ ನಮ್ಮ ಹಳ್ಳಿ ಮನೆಯಲ್ಲೇ ಸೂಲಗಿತ್ತಿ ಕೈಯಲ್ಲಿ ಹೆರಿಗೆ ಆದದ್ದು. ಆಗ ಬರೆಸಬೇಕು ಅಂತ ಯಾರೂ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ನನ್ನ ಪೂರ್ತಿ ಹೆಸರು ಸರ್‌ನೇಮ್ ಆಗಿದೆ. ಏನು ಮಾಡಲಿ?

ವಕೀಲೆ (ಹಾಸನ)

ಗಾಬರಿ ಬೇಡ ಸರ್, ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದೇ ಪರಿಸ್ಥಿತಿ. ಮೊದಲು ಜನನ ಮರಣ ನೋಂದಣಿ ಕಚೇರಿಯಲ್ಲಿ ಆ ವರ್ಷದ ದಾಖಲೆ ಹುಡುಕಿಸಿ. ಆಗೆಲ್ಲ ಎಷ್ಟೋ ಸಲ ಮಗುವಿನ ಹೆಸರಿಲ್ಲದೆ ತಂದೆತಾಯಿ ಹೆಸರಿನಲ್ಲಷ್ಟೇ ಬರೆದಿರುತ್ತಾರೆ, ಅದನ್ನೂ ನೋಡಲು ಹೇಳಿ. ಇಲ್ಲವೇ ಇಲ್ಲ ಅಂದರೆ, ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣ ಪತ್ರವನ್ನು ಅದೇ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಅದರ ಜೊತೆಗೆ ಹುಟ್ಟನ್ನು ಸ್ವತಃ ಬಲ್ಲವರ ಎರಡು ಅಫಿಡವಿಟ್ ಬೇಕು, ಮಾಮೂಲಿಗೆ ತಂದೆ, ತಾಯಿ, ಅಥವಾ ಆಗ ವಯಸ್ಸಿಗೆ ಬಂದಿದ್ದ ಹತ್ತಿರದ ನೆಂಟರದ್ದು. ಹುಟ್ಟಿದ ದಿನ, ಊರು, ತಂದೆತಾಯಿ ಇಬ್ಬರ ಹೆಸರು, ಬರೆದುಕೊಡುವವರಿಗೆ ಅದು ಹೇಗೆ ಗೊತ್ತು ಎಂಬುದೆಲ್ಲ ಅದರಲ್ಲಿರಲಿ. ಶಾಲೆಯ ಟಿ.ಸಿ., ಅಂಕಪಟ್ಟಿ ಜೊತೆಗಿಡಿ. ಹೆಸರಿನ ವ್ಯತ್ಯಾಸಕ್ಕೆ, ಇನಿಶಿಯಲ್ ಇರುವವನೂ ಪೂರ್ತಿ ಹೆಸರಿನವನೂ ಒಬ್ಬನೇ ಎಂದು ಬೇರೆ ಒಂದು ಅಫಿಡವಿಟ್ ಮಾಡಿಸಿ.

ತಡವಾಗಿ ಹೊಸದಾಗಿ ನೋಂದಣಿ ಮಾಡಿಸಲೂಬಹುದು, ಒಂದು ವರ್ಷ ದಾಟಿದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದರೆ ಈಗ ಪಡೆದ ಪತ್ರ ಮಾತ್ರ ಕಳಿಸಿದರೆ ಹಳೆಯ ಪುರಾವೆಯನ್ನೂ ಕೇಳುವುದುಂಟು, ಆದ್ದರಿಂದ ಅಫಿಡವಿಟ್ಟುಗಳು ಹೇಗಿದ್ದರೂ ಇರಲಿ. ಮಗನ ಅಲ್ಲಿಯ ವಕೀಲರಿಗೆ ಕರಡು ತೋರಿಸಿ, ಅವರು ಒಪ್ಪಿದ ಮೇಲೆ ಸ್ಟಾಂಪ್ ಪೇಪರಿಗೆ ಹಾಕಿಸಿ. ಇನ್ನೊಂದು ಮಾತು, ಇದು ಎಲ್ಲರಿಗೂ. ಸರದಿ ಬರಲಿ ಆಮೇಲೆ ನೋಡೋಣ ಎಂದು ಬಿಡಬೇಡಿ. ಹೆರಿಗೆ ಕಂಡ ಹಿರಿಯರು ಗಟ್ಟಿಯಾಗಿರುವಾಗಲೇ ಬರೆಸಿ ನೋಟರಿ ಮಾಡಿಸಿ ಇಡಿ.

ಸಕಲೇಶಪುರ ತಂದೆ

ತುಂಬ ಉಪಕಾರ ಆಯ್ತಮ್ಮ. ಮಗನ ದೊಡ್ಡಮ್ಮ ಹೆರಿಗೆ ಹೊತ್ತಿಗೆ ಮನೆಯಲ್ಲೇ ಇದ್ದರು, ಈಗ ಎಂಬತ್ತು ದಾಟಿದೆ, ನೆನಪು ಚುರುಕಾಗಿದೆ. ಅವರ ಹೆಬ್ಬೆಟ್ಟು ನಡೆಯುತ್ತದೆಯೇ? ಸಹಿ ಮಾಡಲು ಬರುವುದಿಲ್ಲ.

ವಕೀಲೆ (ಹಾಸನ)

ಧಾರಾಳವಾಗಿ ನಡೆಯುತ್ತದೆ. ಅಫಿಡವಿಟ್ಟನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ, ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ ಎಂಬ ಸಾಲು ಕೆಳಗಿರಬೇಕು. ಅವರ ಆಧಾರ್ ತನ್ನಿ. ಹತ್ತಲು ಇಳಿಯಲು ಕಷ್ಟವಾದರೆ ನೋಟರಿಯವರನ್ನೇ ಮನೆಗೆ ಬರಲು ಕೇಳಬಹುದು.